ಬಾಗಿಲಿಗೊಂದು ಬುದ್ಧಿ: ಭೀಮಾ ತೀರದಿಂದ ನಿಯಂತ್ರಣ ವಿಜ್ಞಾನದ ಕಥೆ



ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಎರೆಭೂಮಿ, ತೊಗರಿ, ಜೋಳ ಮತ್ತು ಬಿರುಬಿಸಿಲು. ಆದರೆ ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ನೀರು. ಆಳಂದ ತಾಲ್ಲೂಕಿನಿಂದ ಇಳಿದು ಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ತಾಲ್ಲೂಕಿನ ಅಂಚನ್ನು ಸವರಿಕೊಂಡು ಹರಿದು ಕೃಷ್ಣೆಯಲ್ಲಿ ಲೀನವಾಗುತ್ತದೆ. ಅಮರ್ಜಾಕ್ಕೆ ಆಳಂದ ತಾಲ್ಲೂಕಿನಲ್ಲಿ ಒಂದು ಅಣೆಕಟ್ಟು. ಭೀಮೆಗೆ ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಒಂದು ಬ್ಯಾರೇಜು. ಜೇವರ್ಗಿಯ ಹೊಲಗಳಿಗಾದರೋ ದೂರದ ನಾರಾಯಣಪುರದಿಂದ ಕೃಷ್ಣೆಯ ನೀರನ್ನು ತರುವ ಶಾಖಾ ಕಾಲುವೆ.

ಅಣೆಕಟ್ಟೆಂದರೆ ಗೇಟು, ಕಾಲುವೆಯೆಂದರೆ ಸಾಲು ಸಾಲು ಗೇಟು. ಯಾವ ಗೇಟನ್ನು, ಯಾವಾಗ, ಎಷ್ಟು ಎತ್ತಬೇಕು? ಪ್ರಶ್ನೆ ಚಿಕ್ಕದು. ಆದರೆ ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಇಪ್ಪತ್ತನೆಯ ಶತಮಾನದಲ್ಲಿ ಎಂಜಿನಿಯರಿಂಗಿನ ಒಂದು ದೊಡ್ಡ ಶಾಖೆ ಬೆಳೆಯಿತು. ಆ ಶಾಖೆಯಲ್ಲಿ ಒಂದು ಕವಲಿನ ಹೆಸರು ಉದ್ದವಾಗಿದೆ: ಸರಳರೇಖೀಯವಲ್ಲದ ಬಹುಚರ ವ್ಯವಸ್ಥೆಗಳ ವಿಕೇಂದ್ರೀಕೃತ ಹೊಂದಾಣಿಕೆಯ ನಿಯಂತ್ರಣ. ಹೆಸರು ಕೇಳಿ ಹೆದರಬೇಕಾಗಿಲ್ಲ. ಕಾಲುವೆಯ ದಂಡೆಯ ಮೇಲೆ ನಿಂತು ನೋಡಿದರೆ ಇದರ ಒಂದೊಂದು ಪದವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ದಂಡೆಯ ಮೇಲೆ ನಿಂತು

ಒಂದು ಉದ್ದನೆಯ ಕಾಲುವೆಯನ್ನು ಊಹಿಸಿಕೊಳ್ಳಿ. ಅದಕ್ಕೆ ಅಡ್ಡಲಾಗಿ ಕೆಲವು ಕಿಲೋಮೀಟರಿಗೊಂದರಂತೆ ಗೇಟುಗಳಿವೆ. ಎರಡು ಗೇಟುಗಳ ನಡುವಿನ ಭಾಗವನ್ನು ಒಂದು ಅಂಕಣ ಎಂದು ಕರೆಯೋಣ. ಪ್ರತಿ ಅಂಕಣದಲ್ಲಿಯೂ ನೀರು ಒಂದು ನಿಗದಿತ ಮಟ್ಟದಲ್ಲಿ ನಿಂತಿರಬೇಕು. ಮಟ್ಟ ಇಳಿದರೆ ಪಕ್ಕದ ವಿತರಣಾ ಕಾಲುವೆಗೆ ನೀರು ಏರದು. ಮಟ್ಟ ಮೀರಿದರೆ ದಂಡೆ ಒಡೆಯುತ್ತದೆ.

ಈಗ ನಡುವಿನ ಒಂದು ಗೇಟನ್ನು ಸ್ವಲ್ಪ ಎತ್ತಿ. ಕೆಳಗಿನ ಅಂಕಣದಲ್ಲಿ ನೀರು ಏರುತ್ತದೆ. ಅದೇ ಕ್ಷಣದಲ್ಲಿ ಮೇಲಿನ ಅಂಕಣದಲ್ಲಿ ಇಳಿಯುತ್ತದೆ. ಒಂದು ಕೈ ಆಡಿಸಿದರೆ ಎರಡು ಮಟ್ಟಗಳು ಬದಲಾದವು. ಹೀಗೆ ಹತ್ತಾರು ಗೇಟುಗಳು, ಹತ್ತಾರು ಮಟ್ಟಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಕಾಲುವೆ ಬಹುಚರ ವ್ಯವಸ್ಥೆ.

ಗೇಟಿನ ಕೆಳಗಿನಿಂದ ನುಗ್ಗುವ ನೀರನ್ನು ಅಳೆದು ನೋಡಿ. ಹಿಂದೆ ನಿಂತ ನೀರಿನ ಎತ್ತರ ನಾಲ್ಕು ಪಟ್ಟಾದರೆ ಹರಿವು ನಾಲ್ಕು ಪಟ್ಟಾಗುವುದಿಲ್ಲ, ಎರಡು ಪಟ್ಟು ಮಾತ್ರ ಆಗುತ್ತದೆ. ನೀರು ಗೇಟಿನ ಮೇಲಿನಿಂದ ದುಮುಕುವಂತಿದ್ದರೆ ಲೆಕ್ಕ ಬೇರೆ: ತಲೆಯ ಮೇಲಿನ ನೀರಿನ ಎತ್ತರ ನಾಲ್ಕು ಪಟ್ಟಾದಾಗ ಹರಿವು ಎಂಟು ಪಟ್ಟಾಗುತ್ತದೆ. ಕಾರಣ ಮತ್ತು ಪರಿಣಾಮಗಳ ನಕ್ಷೆ ಬರೆದರೆ ನೇರ ಗೆರೆ ಬಾರದು, ಬಾಗಿದ ಗೆರೆ ಬರುತ್ತದೆ. ಇದೇ ಸರಳರೇಖೀಯವಲ್ಲದ ಸ್ವಭಾವ.

ಇನ್ನೊಂದು ತೊಡಕು ಕಾಲದ್ದು. ಮೇಲೆ ಬಿಟ್ಟ ನೀರು ಕೆಳಗಿನ ತುದಿಗೆ ತಲಪಲು ಹೊತ್ತು ಹಿಡಿಯುತ್ತದೆ. ಕೊನೆಯ ಹೊಲದ ರೈತ ಇಂದು ನೀರು ಸಾಲದೆಂದು ಹೇಳಿದರೆ, ತಲೆಯ ಗೇಟು ಎತ್ತಿದ ಫಲ ಆತನಿಗೆ ತಕ್ಷಣ ಕಾಣುವುದಿಲ್ಲ. ಕಾಲುವೆಯೂ ಒಂದೇ ಸಮನೆ ಇರುವುದಿಲ್ಲ. ಹೂಳು ತುಂಬುತ್ತದೆ, ಜೊಂಡು ಬೆಳೆಯುತ್ತದೆ, ಬಿರುಕು ಬಿಡುತ್ತದೆ. ಕಳೆದ ವರ್ಷ ಸರಿಯಾಗಿದ್ದ ಲೆಕ್ಕ ಈ ವರ್ಷ ತಪ್ಪುತ್ತದೆ. ಬದಲಾವಣೆಯನ್ನು ತಾನೇ ಗುರುತಿಸಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುವ ನಿಯಂತ್ರಣವೇ ಹೊಂದಾಣಿಕೆಯ ನಿಯಂತ್ರಣ.

ಉಳಿದದ್ದು ವಿಕೇಂದ್ರೀಕರಣ. ಈ ಪದ ನಿಮಗೆ ಪೌರನೀತಿಯ ಪಾಠದಿಂದ ಪರಿಚಿತ. ರಾಜಧಾನಿಯೇ ಎಲ್ಲವನ್ನೂ ತೀರ್ಮಾನಿಸುವ ಬದಲು ಊರಿನ ಕೆಲಸವನ್ನು ಊರಿನ ಪಂಚಾಯಿತಿ ನೋಡಿಕೊಳ್ಳಬೇಕು ಎನ್ನುತ್ತೇವಲ್ಲವೇ? ಹಾಗೆಯೇ ಇಲ್ಲಿ ಪ್ರತಿ ಗೇಟಿಗೂ ಅದರದೇ ಬುದ್ಧಿ; ತನ್ನ ಮುಂದಿನ ನೀರನ್ನು ನೋಡಿ ಅದು ತಾನೇ ತೀರ್ಮಾನಿಸುತ್ತದೆ.

ಖಡಕ್‌ವಾಸ್ಲಾದ ಗೇಟು

ಯಂತ್ರವೊಂದು ತನ್ನ ಸ್ಥಿತಿಯನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುವ ಉಪಾಯ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ನಿಯಂತ್ರಕವನ್ನು ಜೋಡಿಸಿದನು. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಅಗಲಕ್ಕೆ ಸರಿದು ಉಗಿಯ ದಾರಿಯನ್ನು ಕಿರಿದಾಗಿಸುತ್ತಿದ್ದವು. ವೇಗ ತಗ್ಗಿದರೆ ದಾರಿ ಮತ್ತೆ ತೆರೆಯುತ್ತಿತ್ತು. ಫಲವನ್ನು ನೋಡಿ ಕಾರಣವನ್ನು ತಿದ್ದುವ ಈ ತಂತ್ರಕ್ಕೆ ಹಿಮ್ಮಾಹಿತಿ ಎಂದು ಹೆಸರು. ಇಂತಹ ನಿಯಂತ್ರಕಗಳು ಕೆಲವೊಮ್ಮೆ ಯಂತ್ರವನ್ನು ಶಾಂತಗೊಳಿಸುವ ಬದಲು ತಾವೇ ಓಲಾಡತೊಡಗುತ್ತಿದ್ದವು. ಅದೇಕೆ ಎಂಬುದನ್ನು 1868ರಲ್ಲಿ ಗಣಿತದಿಂದ ವಿವರಿಸಿದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್.

ಈ ಕಥೆ ಭೀಮೆಯ ಕಣಿವೆಗೆ ಕಾಲಿಟ್ಟದ್ದು ಒಬ್ಬ ಕನ್ನಡಿಗರ ಕೈಯಿಂದ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆಗ ಮುಂಬಯಿ ಪ್ರಾಂತದಲ್ಲಿ ಎಂಜಿನಿಯರಾಗಿದ್ದರು. ಪುಣೆಗೆ ನೀರು ಒದಗಿಸುವ ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಬೇಸಗೆಯಲ್ಲಿ ನೀರಿನ ಕೊರತೆಯಾಗುತ್ತಿತ್ತು. ಕೋಡಿಯನ್ನು ಕಲ್ಲಿನಿಂದ ಎತ್ತರಿಸಿದರೆ ಪ್ರವಾಹ ಬಂದಾಗ ಹಳೆಯ ಅಣೆಕಟ್ಟಿಗೆ ಅಪಾಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಯೋಜಿಸಿದರು. ನೀರು ನಿಗದಿತ ಮಟ್ಟವನ್ನು ಮುಟ್ಟುವವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಮಟ್ಟ ಮೀರಿದೊಡನೆ ಹೆಚ್ಚಾದ ನೀರಿನ ಬಲದಿಂದಲೇ ತೂಕದ ಸಮತೋಲ ತಪ್ಪಿ ಬಾಗಿಲು ತೆರೆಯುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಓಡಿ ಬರಬೇಕಾಗಿಲ್ಲ. ನಗರದಿಂದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಈ ಗೇಟುಗಳನ್ನು ಅಳವಡಿಸಲಾಯಿತು. ಇದಕ್ಕೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಇದೇ ತತ್ತ್ವದ ಗೇಟುಗಳು ಬಂದವು.

ಭೂಪಟವನ್ನು ತೆರೆದು ನೋಡಿ. ಖಡಕ್‌ವಾಸ್ಲಾ ಇರುವುದು ಮುಠಾ ನದಿಯ ಮೇಲೆ. ಮುಠಾ ಪುಣೆಯಲ್ಲಿ ಮುಳಾ ನದಿಯನ್ನು ಸೇರುತ್ತದೆ. ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಎಂದರೆ ಖಡಕ್‌ವಾಸ್ಲಾದ ಆ ಬಾಗಿಲುಗಳನ್ನು ದಾಟಿದ ನೀರು ಇಳಿಯುವ ದಾರಿ ಅಫಜಲಪುರ, ಜೇವರ್ಗಿಗಳ ದಾರಿಯೇ. ಭೀಮೆಯ ಇನ್ನೊಂದು ಉಪನದಿಯಾದ ನೀರಾದ ಕಾಲುವೆಯಲ್ಲಿಯೂ ವಿಶ್ವೇಶ್ವರಯ್ಯನವರು ಮುಖ್ಯವಾದ ಕೆಲಸ ಮಾಡಿದರು. ಕೆಲವೇ ಹೊಲಗಳು ಬಹುಪಾಲು ನೀರನ್ನು ಕುಡಿದುಬಿಡುವುದನ್ನು ತಪ್ಪಿಸಲು, ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಕಬ್ಬು ಮತ್ತು ಇತರ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಗೇಟಿನ ಎಂಜಿನಿಯರೇ ಹಂಚಿಕೆಯ ಚಿಂತೆಯನ್ನೂ ಮಾಡಿದರು ಎಂಬುದು ನೆನಪಿಡಬೇಕಾದ ಸಂಗತಿ.

ತನಗೆ ಸರಿ, ನೆರೆಗೆ ಹೊರೆ

ಹಾಗಾದರೆ ಎಲ್ಲ ಕಡೆಯೂ ಇಂತಹ ಗೇಟುಗಳನ್ನಿಟ್ಟರೆ ಸಮಸ್ಯೆ ಮುಗಿಯಿತೇ? ಇಲ್ಲ. ತನ್ನ ಜಲಾಶಯದ ಮಟ್ಟವನ್ನು ಮಾತ್ರ ಬಲ್ಲ ಗೇಟು ತನ್ನ ಅಣೆಕಟ್ಟನ್ನು ಕಾಪಾಡಿಕೊಳ್ಳುತ್ತದೆ. ತಾನು ಬಿಟ್ಟ ನೀರು ಕೆಳಗೆ ಎಲ್ಲಿಗೆ ಹೋಯಿತು, ಅದೇ ಹೊತ್ತಿಗೆ ಇನ್ನೊಂದು ಉಪನದಿಯಿಂದಲೂ ನೀರು ಬರುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು.

ಭೀಮಾ ತೀರದವರಿಗೆ ಇದು ಪುಸ್ತಕದ ಮಾತಲ್ಲ. ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ದೊಡ್ಡ ಜಲಾಶಯ. ಅದರ ಕೆಳಗೆ ನೀರಾ ಬಂದು ಸೇರುತ್ತದೆ, ಸೀನಾ ಬಂದು ಸೇರುತ್ತದೆ. ಆಮೇಲೆ ಸೊನ್ನ, ಗಾಣಗಾಪುರದಲ್ಲಿ ಅಮರ್ಜಾ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಯೊಂದಿಗೆ ಮೇಲಿನ ಜಲಾಶಯಗಳ ನೀರೂ ಕೂಡಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಜಲಾವೃತವಾದವು. ಮನೆ, ಬೆಳೆ, ದವಸಗಳನ್ನು ಬಿಟ್ಟು ಜನರು ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ತುಂಬಿದ ಅಣೆಕಟ್ಟು ಗೇಟು ತೆರೆಯಲೇಬೇಕು. ತೆರೆಯದಿದ್ದರೆ ಇನ್ನೂ ದೊಡ್ಡ ಅನಾಹುತ. ಆದರೆ ಎಲ್ಲ ಗೇಟುಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾದುದನ್ನೇ ಮಾಡಿದರೂ ಅವುಗಳ ನೀರು ಒಂದೇ ಸಮಯಕ್ಕೆ ಒಂದೇ ಊರಿಗೆ ಬಂದು ಸೇರಬಹುದು. ಬಿಡಿ ಬಿಡಿಯಾಗಿ ಸರಿಯಾದದ್ದು ಇಡಿಯಾಗಿಯೂ ಸರಿಯಾಗಿರಲೇಬೇಕೆಂಬ ನಿಯಮವಿಲ್ಲ.

ಇದನ್ನೇ ಗಣಿತಜ್ಞರು ತಮ್ಮ ಭಾಷೆಯಲ್ಲಿ ಕೇಳಿಕೊಂಡರು. 1973ರಲ್ಲಿ ಕೆನಡಾದ ಟೊರಾಂಟೊದಲ್ಲಿ ವಾಂಗ್ ಮತ್ತು ಡೇವಿಸನ್ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಕೊಟ್ಟರು: ಪ್ರತಿಯೊಬ್ಬನೂ ತನ್ನ ಮುಂದಿರುವುದನ್ನು ಮಾತ್ರ ನೋಡಿ ಕೆಲಸ ಮಾಡುವ ವ್ಯವಸ್ಥೆಯನ್ನು ಸಮತೋಲಕ್ಕೆ ತರಲು ಯಾವಾಗ ಸಾಧ್ಯ, ಯಾವಾಗ ಸಾಧ್ಯವಿಲ್ಲ? ಕೆಲವು ಓಲಾಟಗಳನ್ನು ಸ್ಥಳೀಯ ನಿಯಂತ್ರಕಗಳು ಎಷ್ಟೇ ಪ್ರಯತ್ನಿಸಿದರೂ ಅಲುಗಾಡಿಸಲಾಗದು ಎಂದು ಅವರು ತೋರಿಸಿದರು. ವಿದ್ಯುತ್ ಜಾಲ, ರಾಸಾಯನಿಕ ಕಾರ್ಖಾನೆ, ಕಾಲುವೆ ಮೊದಲಾದ ದೊಡ್ಡ ವ್ಯವಸ್ಥೆಗಳ ಅಧ್ಯಯನಕ್ಕೆ ಇದು ಅಡಿಗಲ್ಲಾಯಿತು.

ಕಲಿಯುವ ಯಂತ್ರ

ಇದಕ್ಕೆ ಮೊದಲೇ, 1950ರ ದಶಕದಲ್ಲಿ, ಇನ್ನೊಂದು ದಿಕ್ಕಿನಿಂದ ಹೊಂದಾಣಿಕೆಯ ನಿಯಂತ್ರಣದ ಕಲ್ಪನೆ ಹುಟ್ಟಿತ್ತು. ಅತಿವೇಗದ ವಿಮಾನಗಳು ಕೆಳಗಿನ ದಟ್ಟ ಗಾಳಿಯಲ್ಲಿ ಒಂದು ರೀತಿ, ಎತ್ತರದ ತೆಳುಗಾಳಿಯಲ್ಲಿ ಇನ್ನೊಂದು ರೀತಿ ವರ್ತಿಸುತ್ತಿದ್ದವು. ಒಂದೇ ಲೆಕ್ಕ ಎರಡಕ್ಕೂ ಸಾಲದು. ಆದ್ದರಿಂದ ಹಾರುತ್ತಲೇ ಲೆಕ್ಕವನ್ನು ತಿದ್ದಿಕೊಳ್ಳುವ ನಿಯಂತ್ರಕಗಳನ್ನು ಮಾಡಿದರು. ಆಸೆ ದೊಡ್ಡದು, ತಿಳಿವಳಿಕೆ ಸಾಲದು. 1967ರ ನವೆಂಬರ್ 15ರಂದು ಅಮೆರಿಕದ ಎಕ್ಸ್-15 ವಿಮಾನ ನಾಶವಾಗಿ ಚಾಲಕ ಮೈಕೇಲ್ ಆಡಮ್ಸ್ ಮೃತರಾದರು. ಆ ದುರಂತಕ್ಕೆ ಹಲವು ಕಾರಣಗಳು ಕೂಡಿದ್ದವು. ಕೊನೆಯ ಕ್ಷಣಗಳಲ್ಲಿ ಹೊಂದಾಣಿಕೆಯ ನಿಯಂತ್ರಕವೇ ಓಲಾಟಕ್ಕೆ ಸಿಲುಕಿ ವಿಮಾನ ಚೇತರಿಸಿಕೊಳ್ಳಲು ಅಡ್ಡಿಯಾದುದೂ ಅವುಗಳಲ್ಲಿ ಒಂದು. ಕಲಿಯುವ ಯಂತ್ರ ಕಲಿಯುವ ಹೊತ್ತಿನಲ್ಲಿಯೇ ಎಡವಬಾರದು ಎಂಬ ಕಠಿಣ ಪಾಠ ಅದು.

ಎಡವದಂತೆ ಕಲಿಸುವುದು ಹೇಗೆ ಎಂಬುದಕ್ಕೆ ಗಟ್ಟಿಯಾದ ಗಣಿತದ ಆಧಾರ ಸಿಕ್ಕಿದ್ದು 1980ರ ಸುಮಾರಿಗೆ. ಈ ಕೆಲಸದಲ್ಲಿ ಮುಂದಿದ್ದವರಲ್ಲಿ ಒಬ್ಬರು ಮದರಾಸಿನಲ್ಲಿ ಹುಟ್ಟಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಕುಂಪಟಿ ನರೇಂದ್ರ. ಅವರೊಡನೆ 1989ರಲ್ಲಿ ಈ ವಿಷಯದ ಪ್ರಸಿದ್ಧ ಗ್ರಂಥವನ್ನು ಬರೆದ ಅನುರಾಧಾ ಅಣ್ಣಸ್ವಾಮಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದೇ ವರ್ಷ ನರೇಂದ್ರ ಅವರು ಅದೇ ಸಂಸ್ಥೆಯ ಪ್ರಾಧ್ಯಾಪಕರಾದ ಎಂ. ಎ. ಎಲ್. ತಾತಾಚಾರ್ ಅವರೊಡನೆ ಇನ್ನೊಂದು ಗ್ರಂಥವನ್ನು ಪ್ರಕಟಿಸಿದರು. ಮಾಡಿ ನೋಡಿ, ಫಲ ಒಳ್ಳೆಯದಾದರೆ ಅದೇ ದಾರಿಗೆ ಹೆಚ್ಚು ವಾಲುವ, ಕೆಟ್ಟದಾದರೆ ಹಿಂದೆ ಸರಿಯುವ ಸರಳ ಕಲಿಕಾ ಯಂತ್ರಗಳು ಅದರ ವಿಷಯ.

ಎರಡು ದಾರಿಗಳು ಇಲ್ಲಿ ಕೂಡಿದವು. ಹಲವು ನಿಯಂತ್ರಕಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತು ಒಟ್ಟಿಗೇ ಕಲಿಯತೊಡಗಿದರೆ ಏನಾಗುತ್ತದೆ? ಒಬ್ಬನು ಕಲಿತು ಬದಲಾದಾಗ ನೆರೆಯವನ ಪಾಲಿಗೆ ಲೋಕವೇ ಬದಲಾಗುತ್ತದೆ, ಅವನೂ ಬದಲಾಗುತ್ತಾನೆ, ಅದು ಮತ್ತೆ ಮೊದಲಿನವನನ್ನು ಕದಡುತ್ತದೆ. 1986ರಲ್ಲಿ ಪೆಟ್ರೋಸ್ ಅಯೋನು ಈ ಸಮಸ್ಯೆಯನ್ನು ವಿಶ್ಲೇಷಿಸಿ, ನೆರೆಹೊರೆಯ ಪ್ರಭಾವ ಬಲವಾಗಿರುವಾಗ ಸ್ಥಳೀಯ ಕಲಿಕೆ ಅಸ್ಥಿರವಾಗಬಹುದೆಂದು ತೋರಿಸಿದರು. ಕಲಿಕೆಗೆ ಕಡಿವಾಣ ಹಾಕಿ ಸ್ಥಿರತೆಯನ್ನು ಉಳಿಸಿಕೊಳ್ಳುವ ಬಗೆಯನ್ನೂ ಹೇಳಿದರು. ಸುತ್ತಲಿನವರನ್ನು ಗಮನಿಸದೆ ಅವಸರದಲ್ಲಿ ಕಲಿಯುವವನು ತಾನೂ ಕೆಟ್ಟು ನೆರೆಯನ್ನೂ ಕೆಡಿಸಿಯಾನು ಎಂಬುದೇ ಅದರ ಸಾರ.

ಮೆಲ್ಬರ್ನ್‌ನಿಂದ ನಾರಾಯಣಪುರಕ್ಕೆ

ಈ ಶಾಸ್ತ್ರ ಕಾಲುವೆಗೆ ಇಳಿದದ್ದು ನೀರಿನ ಬರವಿರುವ ಇನ್ನೊಂದು ನಾಡಿನಲ್ಲಿ, ಆಸ್ಟ್ರೇಲಿಯಾದಲ್ಲಿ. 1990ರ ದಶಕದ ಕೊನೆಯಿಂದ ಮೆಲ್ಬರ್ನ್ ವಿಶ್ವವಿದ್ಯಾಲಯದ ಐವನ್ ಮರೀಲ್ಸ್, ಎರಿಕ್ ವೇಯರ್, ಮೈಕೇಲ್ ಕ್ಯಾಂಟೋನಿ ಮೊದಲಾದವರು ಗೇಟು ತಯಾರಿಸುವ ರುಬಿಕಾನ್ ಎಂಬ ಸಂಸ್ಥೆಯೊಡನೆ ಸೇರಿ ನೈಜ ಕಾಲುವೆಗಳ ಮೇಲೆ ಪ್ರಯೋಗ ನಡೆಸಿದರು. ಗೇಟುಗಳನ್ನು ಆಡಿಸಿ, ಮಟ್ಟಗಳನ್ನು ಅಳೆದು, ಆ ಅಳತೆಗಳಿಂದಲೇ ಪ್ರತಿ ಅಂಕಣದ ಸ್ವಭಾವವನ್ನು ಕಂಡುಕೊಂಡರು. ಕಾಲುವೆ ತನ್ನ ಬಗ್ಗೆ ತಾನೇ ಹೇಳಿದ ಲೆಕ್ಕ ಅದು.

ಅವರಿಗೆ ಎದುರಾದ ತೊಡಕು ನಮಗೆ ಈಗಾಗಲೇ ಪರಿಚಿತ. ಪ್ರತಿ ಗೇಟೂ ತನ್ನ ಅಂಕಣದ ಮಟ್ಟವನ್ನು ಮಾತ್ರ ನೋಡಿ ಕೆಲಸ ಮಾಡಿದರೆ, ಕೊನೆಯ ಅಂಕಣದ ಸಣ್ಣ ಏರುಪೇರು ಒಂದೊಂದೇ ಗೇಟನ್ನು ದಾಟಿ ಮೇಲಕ್ಕೆ ಹೋಗುತ್ತ ದೊಡ್ಡದಾಗಬಹುದು. ಅವರು ಕಂಡುಕೊಂಡ ಪರಿಹಾರ ಸರಳ: ಪ್ರತಿ ಗೇಟೂ ತಾನು ಎಷ್ಟು ನೀರು ಬಿಡುತ್ತಿದ್ದೇನೆಂಬುದನ್ನು ಮೇಲಿನ ನೆರೆಯ ಗೇಟಿಗೆ ತಿಳಿಸಲಿ. ಇಡೀ ಜಾಲದ ಸುದ್ದಿ ಎಲ್ಲರಿಗೂ ಬೇಕಾಗಿಲ್ಲ; ನೆರೆಯವರ ನಡುವೆ ಒಂದು ಮಾತು ಇದ್ದರೆ ಓಲಾಟವನ್ನು ಬಹಳಷ್ಟು ತಗ್ಗಿಸಬಹುದು.

ಇನ್ನು ನಮ್ಮ ಕಡೆಗೆ ಬರೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. ಯೋಜನೆಯ ಎರಡು ಅಣೆಕಟ್ಟುಗಳಲ್ಲಿ ಒಂದು ಆಲಮಟ್ಟಿ, ಇನ್ನೊಂದು ನಾರಾಯಣಪುರದ ಬಸವಸಾಗರ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಶಹಾಪುರ, ಇಂಡಿ, ಮುಡಬಾಳ, ಜೇವರ್ಗಿ ಮೊದಲಾದ ಶಾಖೆಗಳು ಕವಲೊಡೆದವು. ನೀರು ಬಂದಿತು, ಅದರ ಜತೆಗೆ ಎಲ್ಲ ದೊಡ್ಡ ಕಾಲುವೆಗಳ ಹಳೆಯ ಜಗಳವೂ ಬಂದಿತು. ಕಾಲುವೆಯ ತಲೆಯ ಭಾಗದಲ್ಲಿ ಹೊಲ ಇರುವವನಿಗೆ ನೀರು ಯಥೇಚ್ಛ. ಅವನು ಭತ್ತ ಬೆಳೆಯುತ್ತಾನೆ. ಬಾಲದ ಭಾಗದ ರೈತ ಒಣಗುವ ತೊಗರಿಯ ಮುಂದೆ ನಿಂತು ಕಾಲುವೆಯ ಬರಿದಾದ ತಳವನ್ನು ನೋಡುತ್ತಾನೆ. ತಲೆಯ ಭಾಗದವನಿಗೂ ಇದರಿಂದ ಪೂರ್ಣ ಲಾಭವಿಲ್ಲ. ಕಪ್ಪು ಮಣ್ಣಿಗೆ ಮಿತಿಮೀರಿ ನೀರು ಹಾಯಿಸಿದರೆ ನೆಲ ಜವುಗಾಗಿ, ಉಪ್ಪು ಮೇಲೇರಿ ಸವಳು ಹಿಡಿಯುತ್ತದೆ.

ಈ ಕಾಲುವೆ ಜಾಲವನ್ನು ದುರಸ್ತಿಗೊಳಿಸಿ ಆಧುನೀಕರಿಸುವ ಕೆಲಸ ನಡೆದು, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಉದ್ಘಾಟಿಸಿದರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ನೀರುಣಿಸಬಹುದಾದ ಪ್ರದೇಶ 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು ಇದರ ವ್ಯಾಪ್ತಿಯಲ್ಲಿವೆ. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಇದರ ಅಂಗವಾಗಿ, ಮೆಲ್ಬರ್ನ್‌ನ ಪ್ರಯೋಗಗಳಲ್ಲಿ ಪಾಲುಗೊಂಡಿದ್ದ ಆ ಸಂಸ್ಥೆಯ ನಾಲ್ಕು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಗೇಟುಗಳು ಈ ಜಾಲಕ್ಕೆ ಬಂದವು. ಬಿಸಿಲಿನಿಂದಲೇ ವಿದ್ಯುತ್ ಪಡೆಯುವ ಈ ಗೇಟು ತನ್ನ ಮೂಲಕ ಹಾಯುವ ನೀರನ್ನು ತಾನೇ ಅಳೆಯುತ್ತದೆ, ತಾನೇ ಏರಿಳಿಯುತ್ತದೆ, ರೇಡಿಯೋ ಮೂಲಕ ಸುದ್ದಿ ಕಳುಹಿಸುತ್ತದೆ. ಖಡಕ್‌ವಾಸ್ಲಾದ ಗೇಟಿಗೆ ಮಟ್ಟವನ್ನು ಅರಿಯುವ ಶಕ್ತಿಯಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಗೇಟಿಗೆ ಸೇರಿದ್ದು ಅಳತೆ, ನೆನಪು ಮತ್ತು ಮಾತು.

ಕೊನೆಯ ಹೊಲ

ಗೇಟಿಗೆ ಬುದ್ಧಿ ಬಂದರೆ ನ್ಯಾಯವೂ ತಾನಾಗಿ ಬರುತ್ತದೆಂದು ಭಾವಿಸಬಾರದು. ಗೇಟು ಹೊಸ ನೀರನ್ನು ಸೃಷ್ಟಿಸಲಾರದು. ಯಾರಿಗೆ ಎಷ್ಟು ಎಂಬ ಮಾತನ್ನು ಅದು ತೀರ್ಮಾನಿಸಲಾರದು. ನಾವು ಬರೆದುಕೊಟ್ಟ ಅಂಕಿಯನ್ನು ಅದು ಪಾಲಿಸುತ್ತದೆ, ಅಷ್ಟೇ. ಕಾಲುವೆಯ ದಂಡೆಯನ್ನು ಕೊರೆದು ಪೈಪು ಇಟ್ಟವನನ್ನು ಅದು ತಡೆಯಲಾರದು. ನೀರು ಎಲ್ಲೋ ಸೋರಿತೆಂದು ಲೆಕ್ಕ ತೋರಿಸಬಹುದು. ಆ ಲೆಕ್ಕವೇನೂ ಸಣ್ಣದಲ್ಲ. ಬಾಲದ ಭಾಗದ ರೈತ ಹಿಂದೆ ತನಗೆ ನೀರು ಬರಲಿಲ್ಲವೆಂದು ಹೇಳಿದರೆ ಅದು ಬರಿಯ ದೂರಾಗಿತ್ತು. ಅಳೆದ ಅಂಕಿಯಿದ್ದರೆ ಅದೇ ಮಾತು ಸಾಕ್ಷಿಯಾಗುತ್ತದೆ.

ಈ ಚರಿತ್ರೆಯಿಂದ ನಾವು ತಿಳಿಯುವುದು ಇಷ್ಟು. ದೂರದ ಕಚೇರಿಯೊಂದೇ ಸಾವಿರಾರು ಗೇಟುಗಳನ್ನು ಆಳಲಾರದು. ಅಲ್ಲಿಗೆ ಸುದ್ದಿ ಮುಟ್ಟುವ ಹೊತ್ತಿಗೆ ನೀರು ಹರಿದು ಹೋಗಿರುತ್ತದೆ. ಗೇಟಿಗೆ ಅದರದೇ ಬುದ್ಧಿ ಬೇಕು. ಆದರೆ ತನ್ನ ಮಟ್ಟವನ್ನು ಮಾತ್ರ ನೋಡುವ ಬುದ್ಧಿ ನೆರೆಯವನನ್ನು ಮುಳುಗಿಸಬಹುದು ಅಥವಾ ಒಣಗಿಸಬಹುದು. ಆದ್ದರಿಂದ ನೆರೆಯ ಗೇಟಿನೊಡನೆ ಮಾತು ಬೇಕು. ಕಾಲ ಬದಲಾದಂತೆ ಕಲಿಯಬೇಕು, ಕಲಿಕೆಗೂ ಕಡಿವಾಣವಿರಬೇಕು. ಕಾಲುವೆಗೆ ಹೇಳಿದ ಈ ಮಾತು ಭೀಮೆಯಂತಹ ನದಿಗೂ, ಅದರ ದಂಡೆಯ ರಾಜ್ಯಗಳಿಗೂ ಸಲ್ಲುತ್ತದೆ. ಉಜನಿಯ ಗೇಟು ಎಷ್ಟು ಎತ್ತಿದೆ ಎಂಬ ಮಾತು ಸೊನ್ನಕ್ಕೂ ಗಾಣಗಾಪುರಕ್ಕೂ ಜೇವರ್ಗಿಯ ತೀರಕ್ಕೂ ನೀರಿಗಿಂತ ಮೊದಲು ಮುಟ್ಟಬೇಕು.

ನಿಮ್ಮ ಊರಿನ ಹತ್ತಿರ ಕಾಲುವೆಯಿದ್ದರೆ ಹಿರಿಯರೊಡನೆ ಹೋಗಿ, ದಂಡೆಯಿಂದ ದೂರ ನಿಂತು ಒಂದು ಗೇಟನ್ನು ಗಮನಿಸಿ. ಅದು ಏರಿದಾಗ ಮೇಲೆ ಏನಾಯಿತು, ಕೆಳಗೆ ಏನಾಯಿತು ಎಂದು ಬರೆದುಕೊಳ್ಳಿ. ಆಮೇಲೆ ಆ ಕಾಲುವೆಯ ಕೊನೆಯ ಹೊಲದವರೆಗೆ ನಡೆದುಹೋಗಿ, ಅಲ್ಲಿನ ರೈತನನ್ನು ಮಾತನಾಡಿಸಿ. ಗೇಟು ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಹೇಳಬೇಕಾದವನು ಅವನು.